ಅಂತರ್ಜಾಲ ದೂರವಾಣಿ: ಕರೆ ಅಗ್ಗವಾದದ್ದು ಹೇಗೆ, ಕೈತಪ್ಪಿದ್ದೇನು?

ವಿದೇಶದಲ್ಲಿರುವ ಮಗನೊಡನೆ ಮಾತನಾಡಲು ಎಸ್‌ಟಿಡಿ ಬೂತಿನ ಗಾಜಿನ ಗೂಡಿನೊಳಗೆ ನಿಂತು, ಏರುತ್ತಿರುವ ಮೀಟರಿನ ಅಂಕಿಗಳ ಮೇಲೆ ಕಣ್ಣಿಟ್ಟುಕೊಂಡೇ ಕುಶಲ ವಿಚಾರಿಸುತ್ತಿದ್ದ ಕಾಲವೊಂದಿತ್ತು. 1990ರ ದಶಕದಲ್ಲಿ ಅಮೆರಿಕಕ್ಕೋ ಕೊಲ್ಲಿ ರಾಷ್ಟ್ರಗಳಿಗೋ ಕರೆ ಮಾಡಿದರೆ ನಿಮಿಷಕ್ಕೆ ಹತ್ತಾರು ರೂಪಾಯಿ ತೆರಬೇಕಾಗಿತ್ತು. ಅದೇ ಮಾತುಕತೆ ಈಗ ಗಂಟೆಗಟ್ಟಲೆ, ಪರಸ್ಪರ ಮುಖ ನೋಡುತ್ತಾ, ಕರೆಗೆಂದು ಬೇರೆ ಹಣ ಕೊಡದೆ ನಡೆಯುತ್ತದೆ. ಈ ಬದಲಾವಣೆಗೆ ಕಾರಣವಾದದ್ದು ಅಂತರ್ಜಾಲದ ಮೂಲಕ ಧ್ವನಿಯನ್ನು ಸಾಗಿಸುವ ತಂತ್ರಜ್ಞಾನ. ತಾಂತ್ರಿಕ ವಲಯದಲ್ಲಿ ಇದನ್ನು ‘ವಾಯ್ಸ್ ಓವರ್ ಇಂಟರ್ನೆಟ್ ಪ್ರೊಟೊಕಾಲ್’, ಸಂಕ್ಷಿಪ್ತವಾಗಿ ‘ವಾಯಿಪ್’ ಎಂದು ಕರೆಯುತ್ತಾರೆ.

ಕರೆ ಅಗ್ಗವಾಯಿತು ಎಂಬುದು ಕಥೆಯ ಒಂದು ಮುಖ ಮಾತ್ರ. ಹಳೆಯ ದೂರವಾಣಿ ಸದ್ದಿಲ್ಲದೆ ಮೂರು ಭರವಸೆಗಳನ್ನು ನೀಡುತ್ತಿತ್ತು. ಮನೆಯಲ್ಲಿ ವಿದ್ಯುತ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತಿತ್ತು. ಕರೆ ಎಲ್ಲಿಂದ ಬಂದಿದೆ ಎಂಬುದು ಇಲಾಖೆಗೆ ತಿಳಿದಿರುತ್ತಿತ್ತು. ಸಂಖ್ಯೆಯೊಂದು ನಿರ್ದಿಷ್ಟ ವಿಳಾಸಕ್ಕೆ ಕಟ್ಟುಬಿದ್ದಿರುತ್ತಿತ್ತು. ಕರೆಯನ್ನು ಅಗ್ಗಗೊಳಿಸಿದ ವಿಧಾನವೇ ಈ ಮೂರನ್ನೂ ಸಡಿಲಗೊಳಿಸಿತು. ಆದ್ದರಿಂದ ಅಂತರ್ಜಾಲ ದೂರವಾಣಿಯನ್ನು ದಿನನಿತ್ಯ ಬಳಸುವವರು ಅದು ಕೆಲಸ ಮಾಡುವ ಬಗೆಯನ್ನು ಅರಿತಿರುವುದು ಒಳಿತು.

ಹಳೆಯ ಕರೆ, ಹೊಸ ಕರೆ

ಸಾಂಪ್ರದಾಯಿಕ ದೂರವಾಣಿಯಲ್ಲಿ ಕರೆ ಕೂಡಿದ ಕ್ಷಣದಿಂದ ಅದು ಮುಗಿಯುವವರೆಗೂ ಇಬ್ಬರ ನಡುವೆ ಒಂದು ಮಾರ್ಗ ಕಾದಿರಿಸಲ್ಪಟ್ಟಿರುತ್ತದೆ. ಇಬ್ಬರೂ ಮೌನವಾಗಿದ್ದರೂ ಆ ಮಾರ್ಗವನ್ನು ಮೂರನೆಯವರು ಬಳಸುವಂತಿಲ್ಲ. ಮಾತನಾಡಿದ ಸಮಯ ಮತ್ತು ದೂರ, ಇವೆರಡನ್ನೂ ಲೆಕ್ಕ ಹಾಕಿ ಶುಲ್ಕ ವಿಧಿಸುತ್ತಿದ್ದುದು ಇದೇ ಕಾರಣಕ್ಕೆ. ಇಡೀ ರೈಲು ಬೋಗಿಯನ್ನು ಒಬ್ಬರೇ ಕಾದಿರಿಸಿಕೊಂಡು ಪ್ರಯಾಣ ಮಾಡಿದಂತೆ ಇದು.

ಅಂತರ್ಜಾಲದಲ್ಲಿ ಹೀಗೆ ಕಾದಿರಿಸಿದ ಮಾರ್ಗವಿಲ್ಲ. ಮಾತನ್ನು ಪುಟ್ಟ ಪುಟ್ಟ ತುಂಡುಗಳನ್ನಾಗಿ ಮಾಡಿ, ಪ್ರತಿ ತುಂಡಿನ ಮೇಲೂ ಸೇರಬೇಕಾದ ವಿಳಾಸವನ್ನು ಬರೆದು ಜಾಲಕ್ಕೆ ಬಿಡಲಾಗುತ್ತದೆ. ಈ ತುಂಡುಗಳಿಗೆ ‘ಪ್ಯಾಕೆಟ್’ ಎಂದು ಹೆಸರು. ಮಿಂಚಂಚೆ, ಚಿತ್ರ, ಸಿನಿಮಾ, ಬ್ಯಾಂಕ್ ವ್ಯವಹಾರ ಎಲ್ಲವೂ ಸಾಗುವ ಹೆದ್ದಾರಿಯಲ್ಲೇ ಮಾತಿನ ಪ್ಯಾಕೆಟ್‌ಗಳೂ ಸಾಗುತ್ತವೆ. ಮಂಗಳೂರಿನಿಂದ ಉಡುಪಿಗೆ ಹೋಗುವ ಪ್ಯಾಕೆಟ್ಟಿಗೂ ಮಂಗಳೂರಿನಿಂದ ಲಂಡನ್ನಿಗೆ ಹೋಗುವ ಪ್ಯಾಕೆಟ್ಟಿಗೂ ಗ್ರಾಹಕ ತೆರುವ ಹಣದಲ್ಲಿ ವ್ಯತ್ಯಾಸವಿಲ್ಲ. ಅಂತರ್ಜಾಲ ಸಂಪರ್ಕಕ್ಕೆ ತಿಂಗಳಿಗಿಷ್ಟು ಎಂದು ಕೊಟ್ಟ ಮೇಲೆ ದೂರದ ಲೆಕ್ಕ ಅಳಿಸಿಹೋಗುತ್ತದೆ. ಅಗ್ಗದ ಗುಟ್ಟು ಇಷ್ಟೇ.

ಕರೆ ಸಾಗುವ ಬಗೆ

ಇಂತಹ ಕರೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು, ಕರೆಯಬೇಕಾದವರನ್ನು ಹುಡುಕಿ ಅವರ ಫೋನು ರಿಂಗಣಿಸುವಂತೆ ಮಾಡುವುದು. ಎರಡನೆಯದು, ಮಾತನ್ನು ಸಾಗಿಸುವುದು.

ಹುಡುಕುವ ಕೆಲಸಕ್ಕೆ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ನಿಯಮಾವಳಿ ‘ಸೆಷನ್ ಇನಿಶಿಯೇಷನ್ ಪ್ರೊಟೊಕಾಲ್’ ಅಥವಾ ‘ಸಿಪ್’. ಇದರ ಮೊದಲ ರೂಪ 1999ರಲ್ಲಿಯೂ ಪರಿಷ್ಕೃತ ರೂಪ 2002ರಲ್ಲಿಯೂ ಪ್ರಕಟವಾಯಿತು. ಇದಕ್ಕೂ ಮುನ್ನ, 1996ರಲ್ಲಿ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ‘ಎಚ್.323’ ಎಂಬ ಮಾನದಂಡವನ್ನು ರೂಪಿಸಿತ್ತು. ಸಿಪ್ ವಿಧಾನದಲ್ಲಿ ಪ್ರತಿಯೊಂದು ಫೋನೂ ತಾನು ಜಾಲದಲ್ಲಿ ಎಲ್ಲಿದ್ದೇನೆ ಎಂಬುದನ್ನು ಸರ್ವರ್ ಒಂದಕ್ಕೆ ಆಗಾಗ್ಗೆ ತಿಳಿಸುತ್ತಿರುತ್ತದೆ. ಕರೆ ಮಾಡುವವರ ಆಹ್ವಾನ ಆ ಸರ್ವರಿಗೆ ತಲುಪುತ್ತದೆ, ಅಲ್ಲಿಂದ ಕರೆಸಿಕೊಳ್ಳುವವರ ಫೋನಿಗೆ ಹೋಗುತ್ತದೆ. ಅವರು ಎತ್ತಿಕೊಂಡರೆಂದರೆ ಒಪ್ಪಿಗೆಯ ಸಂದೇಶ ಹಿಂದಿರುಗುತ್ತದೆ. ಮಾತು ಮುಗಿದಾಗ ವಿದಾಯದ ಸಂದೇಶವೂ ಇದೇ ದಾರಿಯಲ್ಲಿ ಹೋಗುತ್ತದೆ.

ಮಾತನ್ನು ಸಾಗಿಸುವ ಕೆಲಸಕ್ಕೆ 1996ರಲ್ಲಿ ಪ್ರಕಟವಾದ ‘ಆರ್‌ಟಿಪಿ’ ಎಂಬ ಮತ್ತೊಂದು ನಿಯಮಾವಳಿ ಇದೆ. ಮೈಕಿಗೆ ಬಂದ ಧ್ವನಿಯನ್ನು ಅಂಕಿಗಳನ್ನಾಗಿ ಮಾರ್ಪಡಿಸಿ, ಸಾಮಾನ್ಯವಾಗಿ ಸೆಕೆಂಡಿನ 50ನೇ ಒಂದು ಭಾಗದಷ್ಟು ಮಾತನ್ನು ಒಂದು ಪ್ಯಾಕೆಟ್ಟಿನಲ್ಲಿ ತುಂಬಲಾಗುತ್ತದೆ. ಪ್ರತಿ ಪ್ಯಾಕೆಟ್ಟಿಗೂ ಕ್ರಮಸಂಖ್ಯೆ ಮತ್ತು ಕಾಲದ ಮುದ್ರೆ ಇರುತ್ತವೆ. ಬೇರೆ ಬೇರೆ ವೇಗದಲ್ಲಿ ಬಂದು ತಲುಪುವ ಪ್ಯಾಕೆಟ್ಟುಗಳನ್ನು ಕೇಳುಗರ ಫೋನು ಕ್ಷಣಕಾಲ ತಡೆದು, ಸರಿಯಾದ ಸಾಲಿನಲ್ಲಿ ಜೋಡಿಸಿ, ಮತ್ತೆ ಧ್ವನಿಯನ್ನಾಗಿ ಮಾಡುತ್ತದೆ.

ಇಲ್ಲೊಂದು ವಿಶೇಷವಿದೆ. ಮಿಂಚಂಚೆಯ ಪ್ಯಾಕೆಟ್ ದಾರಿಯಲ್ಲಿ ಕಳೆದುಹೋದರೆ ಅದನ್ನು ಮತ್ತೊಮ್ಮೆ ಕಳುಹಿಸುವಂತೆ ಕೇಳಬಹುದು. ಒಂದೆರಡು ಸೆಕೆಂಡು ತಡವಾದರೆ ನಷ್ಟವಿಲ್ಲ. ಮಾತಿನಲ್ಲಿ ಹಾಗಲ್ಲ. ಎರಡು ಸೆಕೆಂಡಿನ ಹಿಂದಿನ ಅಕ್ಷರ ಈಗ ಬಂದು ಪ್ರಯೋಜನವಿಲ್ಲ. ಹೀಗಾಗಿ ಕಳೆದುಹೋದ ತುಂಡನ್ನು ಬಿಟ್ಟುಬಿಟ್ಟು ಮುಂದೆ ಸಾಗಲಾಗುತ್ತದೆ; ಆ ಸಣ್ಣ ಬಿರುಕನ್ನು ತಂತ್ರಾಂಶ ಅಂದಾಜಿನಿಂದ ತುಂಬುತ್ತದೆ. ಕಳೆದುಹೋದ ತುಂಡುಗಳು ಹೆಚ್ಚಾದಾಗ ಮಾತು ಕತ್ತರಿಸಿದಂತೆ, ಯಂತ್ರ ಮಾತನಾಡಿದಂತೆ ಕೇಳಿಸುವುದು ಇದರಿಂದಲೇ.

ತಡವೂ ಮುಖ್ಯ. ಬಾಯಿಂದ ಹೊರಟ ಮಾತು ಇನ್ನೊಬ್ಬರ ಕಿವಿ ತಲುಪಲು 150 ಮಿಲಿಸೆಕೆಂಡಿಗಿಂತ ಕಡಿಮೆ ಸಮಯ ಹಿಡಿದರೆ ಹೆಚ್ಚಿನ ಮಾತುಕತೆಗೆ ತೊಂದರೆಯಿಲ್ಲವೆಂದೂ, 400 ಮಿಲಿಸೆಕೆಂಡನ್ನು ಮೀರಬಾರದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಇದಕ್ಕಿಂತ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತು ಆರಂಭಿಸಿ, ಇಬ್ಬರೂ ಒಟ್ಟಿಗೆ ನಿಲ್ಲಿಸುವ ಪರದಾಟ ಶುರುವಾಗುತ್ತದೆ.

ಧ್ವನಿಯನ್ನು ಕುಗ್ಗಿಸುವ ವಿದ್ಯೆ

ದೂರವಾಣಿ ಧ್ವನಿಯನ್ನು ಅಂಕಿಗಳಿಗೆ ಇಳಿಸುವ ಮೂಲ ವಿಧಾನದಲ್ಲಿ ಸೆಕೆಂಡಿಗೆ 8,000 ಬಾರಿ ಧ್ವನಿಯ ಅಳತೆ ತೆಗೆಯಲಾಗುತ್ತದೆ. ಪ್ರತಿ ಅಳತೆಗೆ 8 ಬಿಟ್. ಒಟ್ಟು ಸೆಕೆಂಡಿಗೆ 64 ಕಿಲೋಬಿಟ್. ‘ಜಿ.711’ ಎಂಬ ಈ ಮಾನದಂಡ 1972ರದು. ಇದಕ್ಕೆ ಪ್ಯಾಕೆಟ್ಟಿನ ವಿಳಾಸ ಮುಂತಾದ ಹೊದಿಕೆಯ ಭಾರ ಸೇರಿದರೆ ಒಂದು ದಿಕ್ಕಿಗೆ ಸುಮಾರು 80 ಕಿಲೋಬಿಟ್ ಬೇಕು. ದೂರವಾಣಿ ತಂತಿಯ ಮೇಲೆ ಕಿರುಗುಟ್ಟುತ್ತಾ ಸಂಪರ್ಕ ಪಡೆಯುತ್ತಿದ್ದ ಡಯಲ್ ಅಪ್ ಮೋಡೆಮ್‌ಗಳ ಗರಿಷ್ಠ ವೇಗವೇ 56 ಕಿಲೋಬಿಟ್ ಆಗಿತ್ತು. ಎಂದರೆ, ಧ್ವನಿಯನ್ನು ಕುಗ್ಗಿಸದಿದ್ದರೆ ಆ ಕಾಲದ ಅಂತರ್ಜಾಲದಲ್ಲಿ ಕರೆ ಮಾಡುವುದೇ ಅಸಾಧ್ಯವಾಗಿತ್ತು.

ಕುಗ್ಗಿಸುವ ಈ ವಿದ್ಯೆಗೆ ಬೆಂಗಳೂರಿನ ನಂಟಿದೆ. ಕಾನ್ಪುರದಲ್ಲಿ ಜನಿಸಿದ ಬಿಷ್ಣು ಅಟಲ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ 1955ರಲ್ಲಿ ಡಿಪ್ಲೊಮಾ ಪಡೆದವರು. 1957ರಿಂದ 1960ರವರೆಗೆ ಅಲ್ಲಿಯೇ ಧ್ವನಿವಿಜ್ಞಾನದ ಉಪನ್ಯಾಸಕರಾಗಿದ್ದವರು. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವನ್ನು ಸೇರಿದ ಅವರು, ಮಾತಿನ ಮುಂದಿನ ಅಳತೆಯನ್ನು ಹಿಂದಿನ ಅಳತೆಗಳಿಂದಲೇ ಊಹಿಸುವ ‘ಲೀನಿಯರ್ ಪ್ರಿಡಿಕ್ಟಿವ್ ಕೋಡಿಂಗ್’ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. ಜಪಾನಿನಲ್ಲಿ ಫುಮಿತಾಡ ಇಟಾಕುರ ಮತ್ತು ಶುಜೊ ಸೈಟೊ ಅವರೂ ಅದೇ ದಶಕದಲ್ಲಿ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದರು.

ಇದರ ತಿರುಳು ಸರಳ. ಮನುಷ್ಯನ ಮಾತು ಮನಬಂದಂತೆ ಬದಲಾಗುವ ಸದ್ದಲ್ಲ. ಗಂಟಲು, ನಾಲಿಗೆ, ತುಟಿಗಳ ಆಕಾರ ಕ್ಷಣಾರ್ಧದಲ್ಲಿ ತೀರಾ ಬದಲಾಗುವುದಿಲ್ಲ. ಆದ್ದರಿಂದ ಇಡೀ ಧ್ವನಿಯನ್ನು ಕಳುಹಿಸುವ ಬದಲು, ಆ ಕ್ಷಣದಲ್ಲಿ ಧ್ವನಿಮಾರ್ಗ ಹೇಗಿತ್ತು ಎಂಬ ವಿವರವನ್ನಷ್ಟೇ ಕಳುಹಿಸಿದರೆ ಕೇಳುಗರ ಕಡೆಯ ಯಂತ್ರ ಮಾತನ್ನು ಮತ್ತೆ ಕಟ್ಟಿಕೊಳ್ಳಬಲ್ಲದು. 1985ರಲ್ಲಿ ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಇದನ್ನು ಇನ್ನಷ್ಟು ಸುಧಾರಿಸಿ ‘ಸೆಲ್ಪ್’ ಎಂಬ ವಿಧಾನವನ್ನು ಮುಂದಿಟ್ಟರು. ಸೆಕೆಂಡಿಗೆ 8 ಕಿಲೋಬಿಟ್ ಸಾಕೆನ್ನುವ ‘ಜಿ.729’ ಮಾನದಂಡವಾಗಲಿ, ಮೊಬೈಲ್ ಫೋನುಗಳ ಹಲವು ಧ್ವನಿ ಮಾನದಂಡಗಳಾಗಲಿ ಇದೇ ಬೇರಿನಿಂದ ಬೆಳೆದವು. 2012ರಲ್ಲಿ ಪ್ರಕಟವಾದ ‘ಓಪಸ್’ ಮಾನದಂಡವು ಸಂಪರ್ಕದ ವೇಗಕ್ಕೆ ತಕ್ಕಂತೆ ಸೆಕೆಂಡಿಗೆ 6ರಿಂದ 510 ಕಿಲೋಬಿಟ್‌ವರೆಗೆ ಹಿಗ್ಗಬಲ್ಲದು, ಕುಗ್ಗಬಲ್ಲದು.

ನಡೆದು ಬಂದ ದಾರಿ

ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್‌ನಲ್ಲಿಯೇ ಮಾತನ್ನು ಸಾಗಿಸುವ ಪ್ರಯೋಗ ನಡೆದಿತ್ತು. 1974ರ ಆಗಸ್ಟ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆ ಮತ್ತು ಎಂಐಟಿಯ ಲಿಂಕನ್ ಪ್ರಯೋಗಾಲಯದ ನಡುವೆ ಮಾತಿನ ಪ್ಯಾಕೆಟ್‌ಗಳು ಹರಿದವು. ಅದರ ನಿಯಮಾವಳಿಯನ್ನು ರೂಪಿಸುವಲ್ಲಿ ಡ್ಯಾನಿ ಕೊಹೆನ್ ಅವರ ಪಾತ್ರ ದೊಡ್ಡದು. ಆದರೆ ಅದು ಪ್ರಯೋಗಾಲಯದ ಮಾತಾಗಿಯೇ ಉಳಿಯಿತು.

ಸಾಮಾನ್ಯ ಬಳಕೆದಾರರ ಕೈಗೆ ಇದು ಬಂದದ್ದು 1995ರ ಫೆಬ್ರುವರಿಯಲ್ಲಿ. ಇಸ್ರೇಲಿನ ವೋಕಲ್‌ಟೆಕ್ ಸಂಸ್ಥೆ ‘ಇಂಟರ್ನೆಟ್ ಫೋನ್’ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಎರಡೂ ಕಡೆ ಗಣಕಯಂತ್ರ, ಸೌಂಡ್ ಕಾರ್ಡ್, ಮೈಕು ಇರಬೇಕಿತ್ತು. ಇಬ್ಬರೂ ಅದೇ ತಂತ್ರಾಂಶವನ್ನು ಬಳಸುತ್ತಿರಬೇಕಿತ್ತು. ನಂತರದ ವರ್ಷಗಳಲ್ಲಿ ಗಣಕದಿಂದ ಸಾಮಾನ್ಯ ದೂರವಾಣಿಗೆ ಕರೆ ಮಾಡುವ ಸೇವೆಗಳೂ ಬಂದವು. ಇಲ್ಲಿ ‘ಗೇಟ್‌ವೇ’ ಎಂಬ ಸಾಧನ ಅಂತರ್ಜಾಲದ ಪ್ಯಾಕೆಟ್ಟುಗಳನ್ನು ದೂರವಾಣಿ ಜಾಲದ ಸಂಕೇತಗಳಾಗಿ ಪರಿವರ್ತಿಸುತ್ತದೆ.

2003ರ ಆಗಸ್ಟ್‌ನಲ್ಲಿ ಸ್ಕೈಪ್ ಬಂದಿತು. ಸ್ವೀಡನ್ನಿನ ನಿಕ್ಲಾಸ್ ಜೆನ್‌ಸ್ಟ್ರೋಮ್ ಮತ್ತು ಡೆನ್ಮಾರ್ಕಿನ ಯಾನುಸ್ ಫ್ರೀಸ್ ಇದರ ಸ್ಥಾಪಕರು. ತಂತ್ರಾಂಶವನ್ನು ಬರೆದವರು ಎಸ್ಟೋನಿಯದ ತಂತ್ರಜ್ಞರು. ಕ್ಲಿಷ್ಟ ಹೊಂದಾಣಿಕೆಗಳ ಗೋಜಿಲ್ಲದೆ, ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ನೇರವಾಗಿ ಕೆಲಸ ಮಾಡಿದ್ದು ಅದರ ಜನಪ್ರಿಯತೆಗೆ ಕಾರಣ. 2005ರಲ್ಲಿ ಇಬೇ, 2011ರಲ್ಲಿ 8.5 ಶತಕೋಟಿ ಡಾಲರಿಗೆ ಮೈಕ್ರೋಸಾಫ್ಟ್ ಅದನ್ನು ಕೊಂಡವು. ಅಷ್ಟರಲ್ಲಿ ಮೊಬೈಲ್ ಫೋನೇ ಗಣಕವಾಗಿ ಮಾರ್ಪಟ್ಟಿತ್ತು. 2015ರಲ್ಲಿ ವಾಟ್ಸ್‌ಆ್ಯಪ್ ಧ್ವನಿ ಕರೆಯನ್ನೂ 2016ರ ನವೆಂಬರ್‌ನಲ್ಲಿ ವಿಡಿಯೋ ಕರೆಯನ್ನೂ ಒದಗಿಸಿತು. 2025ರ ಮೇ 5ರಂದು ಸ್ಕೈಪ್ ಸೇವೆ ಸ್ಥಗಿತಗೊಂಡಿತು.

ಗೊತ್ತಿಲ್ಲದೆಯೇ ಎಲ್ಲರೂ ಅಂತರ್ಜಾಲ ಮಾದರಿಯ ಕರೆಗೆ ಬಂದು ನಿಂತಿದ್ದಾರೆ ಎಂಬುದನ್ನೂ ಹೇಳಬೇಕು. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ಜಿಯೊ ಜಾಲದಲ್ಲಿ ಹಳೆಯ ಮಾದರಿಯ ಧ್ವನಿ ಮಾರ್ಗವೇ ಇರಲಿಲ್ಲ. ‘ವೋಲ್ಟಿ’ ಎಂಬ ವಿಧಾನದಲ್ಲಿ ಅದರ ಕರೆಗಳೆಲ್ಲವೂ ಪ್ಯಾಕೆಟ್ಟುಗಳಾಗಿಯೇ ಸಾಗಿದವು. ಇತರ ಸಂಸ್ಥೆಗಳೂ ಇದೇ ಹಾದಿ ಹಿಡಿದವು. ಮನೆಯ ವೈಫೈ ಮೂಲಕ ಮಾಮೂಲಿ ಮೊಬೈಲ್ ಸಂಖ್ಯೆಯಿಂದಲೇ ಕರೆ ಮಾಡುವ ಸೌಲಭ್ಯವನ್ನು ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಒದಗಿಸಿದವು. ಇವು ಆ್ಯಪ್ ಕರೆಗಳಂತಲ್ಲ. ಕಾದಿಟ್ಟ ಆದ್ಯತೆಯೊಂದಿಗೆ ಸೇವಾದಾರ ಸಂಸ್ಥೆಯ ಸ್ವಂತ ಜಾಲದಲ್ಲಿ ಸಾಗುವ ವೋಲ್ಟಿ ಕರೆಗೆ ಆ ಸಂಸ್ಥೆಯೇ ಹೊಣೆ. ಆ್ಯಪ್ ಕರೆ ಸಾರ್ವಜನಿಕ ಅಂತರ್ಜಾಲದ ದಟ್ಟಣೆಯಲ್ಲಿ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕು.

ಭಾರತದಲ್ಲಿ ಕಾನೂನಿನ ನಡೆ

ಭಾರತದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ತೆರೆದುಕೊಂಡಿತಾದರೂ ಅದರಲ್ಲಿ ಫೋನ್ ಮಾಡುವಂತಿರಲಿಲ್ಲ. 1999ರ ಹೊಸ ದೂರಸಂಪರ್ಕ ನೀತಿಯು, ಈ ಹಂತದಲ್ಲಿ ಅಂತರ್ಜಾಲ ದೂರವಾಣಿಗೆ ಅನುಮತಿ ಇಲ್ಲವೆಂದು ಸ್ಪಷ್ಟಪಡಿಸಿತ್ತು. ವಿದೇಶಿ ಕರೆಗಳ ಏಕಸ್ವಾಮ್ಯ ಆಗ ವಿದೇಶ ಸಂಚಾರ ನಿಗಮದ ಕೈಯಲ್ಲಿತ್ತು. ಆ ಏಕಸ್ವಾಮ್ಯ 2002ರ ಮಾರ್ಚ್ ಕೊನೆಗೆ ಮುಗಿಯಿತು. ಮರುದಿನವೇ, ಏಪ್ರಿಲ್ 1ರಂದು, ಅಂತರ್ಜಾಲ ದೂರವಾಣಿಗೆ ಬಾಗಿಲು ತೆರೆಯಿತು.

ತೆರೆದದ್ದು ಅರ್ಧ ಬಾಗಿಲು ಮಾತ್ರ. ಗಣಕದಿಂದ ಗಣಕಕ್ಕೆ ಕರೆ ಮಾಡಬಹುದಿತ್ತು. ಭಾರತದ ಗಣಕದಿಂದ ವಿದೇಶದ ದೂರವಾಣಿಗೂ ಕರೆ ಮಾಡಬಹುದಿತ್ತು. ಆದರೆ ಭಾರತದ ಗಣಕದಿಂದ ಭಾರತದೊಳಗಿನ ದೂರವಾಣಿಗೆ ಕರೆ ಮಾಡಲು ಅಂತರ್ಜಾಲ ಸೇವಾದಾರರಿಗೆ ಅನುಮತಿ ಇರಲಿಲ್ಲ. ಬೆಂಗಳೂರಿನಲ್ಲಿ ಕುಳಿತು ನ್ಯೂಯಾರ್ಕಿನ ಫೋನನ್ನು ರಿಂಗಣಿಸಬಹುದು, ಹುಬ್ಬಳ್ಳಿಯ ಫೋನನ್ನು ರಿಂಗಣಿಸುವಂತಿಲ್ಲ ಎಂಬ ವಿಚಿತ್ರ ಸ್ಥಿತಿ ಇದು. ಭಾರಿ ಪ್ರವೇಶ ಶುಲ್ಕ ತೆತ್ತು ಪರವಾನಗಿ ಪಡೆದಿದ್ದ ದೂರವಾಣಿ ಸಂಸ್ಥೆಗಳ ಆದಾಯಕ್ಕೆ ಧಕ್ಕೆಯಾಗುತ್ತದೆ ಎಂಬುದು ಇದರ ಹಿಂದಿನ ಪ್ರಮುಖ ವಾದ. ನಿರ್ಬಂಧ ಬೇಡವೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2008ರ ಆಗಸ್ಟ್‌ನಲ್ಲಿ ಶಿಫಾರಸು ಮಾಡಿದರೂ ಪರಿಸ್ಥಿತಿ ಬದಲಾಗಲಿಲ್ಲ.

ಬೆಂಗಳೂರಿನ ಕಾಲ್ ಸೆಂಟರ್‌ಗಳು ಈ ಗೋಡೆಯನ್ನು ನಿತ್ಯವೂ ಎದುರಿಸಿದವು. ವಿದೇಶಿ ಗ್ರಾಹಕರ ಕರೆಗಳನ್ನು ಅಂತರ್ಜಾಲ ಮಾದರಿಯ ಖಾಸಗಿ ಮಾರ್ಗದಲ್ಲಿ ತರಿಸಿಕೊಳ್ಳುತ್ತಿದ್ದ ಈ ಕಂಪನಿಗಳು, ಆ ಮಾರ್ಗವನ್ನು ದೇಶದ ಸಾಮಾನ್ಯ ದೂರವಾಣಿ ಜಾಲದೊಂದಿಗೆ ಬೆರೆಸುವಂತಿರಲಿಲ್ಲ. 2020ರ ನವೆಂಬರ್ ಮತ್ತು 2021ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಈ ವಲಯದ ನಿಯಮಗಳನ್ನು ಗಣನೀಯವಾಗಿ ಸಡಿಲಿಸಿತು.

ಆ್ಯಪ್‌ಗಳ ಕರೆಗೆ ಹೆಚ್ಚುವರಿ ಹಣ ಕೇಳುವ ಯತ್ನವೂ ನಡೆದಿತ್ತು. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಅಂತರ್ಜಾಲ ಕರೆಗಳಿಗೆ ಪ್ರತ್ಯೇಕ ದರ ಪ್ರಕಟಿಸಿ, ವಿರೋಧ ಎದುರಾದಾಗ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡಿತು. ಅದೇ ವಿವಾದ ಮುಂದುವರಿದು ದೇಶವ್ಯಾಪಿ ಚರ್ಚೆಯಾಯಿತು. ಬಳಸುವ ಸೇವೆ ಯಾವುದೆಂದು ನೋಡಿ ಡೇಟಾಗೆ ಬೇರೆ ಬೇರೆ ದರ ವಿಧಿಸುವುದನ್ನು 2016ರ ಫೆಬ್ರುವರಿ 8ರಂದು ಟ್ರಾಯ್ ನಿಷೇಧಿಸಿತು.

ಕೊನೆಗೂ ಪೂರ್ಣ ಬಾಗಿಲು ತೆರೆದದ್ದು 2018ರಲ್ಲಿ. ಟ್ರಾಯ್ 2017ರ ಅಕ್ಟೋಬರ್‌ನಲ್ಲಿ ನೀಡಿದ ಶಿಫಾರಸಿನ ಮೇರೆಗೆ, ಪರವಾನಗಿ ಪಡೆದ ದೂರವಾಣಿ ಸಂಸ್ಥೆಗಳು ಯಾವುದೇ ಅಂತರ್ಜಾಲ ಸಂಪರ್ಕದ ಮೇಲೆ ತಮ್ಮ ಗ್ರಾಹಕರಿಗೆ ಕರೆ ಸೇವೆ ನೀಡಬಹುದೆಂದು ಇಲಾಖೆ ಒಪ್ಪಿತು. ಬಿಎಸ್‌ಎನ್‌ಎಲ್ ಅದೇ ಜುಲೈನಲ್ಲಿ ‘ವಿಂಗ್ಸ್’ ಎಂಬ ಸೇವೆಯನ್ನು ಘೋಷಿಸಿತು.

ಕೊಲ್ಲಿಯ ಕಥೆಯೇ ಬೇರೆ

ದಕ್ಷಿಣ ಕನ್ನಡ, ಉಡುಪಿ, ಭಟ್ಕಳ ಭಾಗದ ಸಾವಿರಾರು ಮನೆಗಳಿಗೆ ಅಂತರ್ಜಾಲ ಕರೆಯೆಂದರೆ ಕೊಲ್ಲಿಯಲ್ಲಿರುವ ದುಡಿಯುವ ಕೈಗಳೊಂದಿಗಿನ ಕೊಂಡಿ. ಆದರೆ ಸಂಯುಕ್ತ ಅರಬ್ ಒಕ್ಕೂಟದಲ್ಲಿ ಇಂತಹ ಸೇವೆ ನೀಡಲು ಅಲ್ಲಿನ ಪರವಾನಗಿ ಪಡೆದ ದೂರಸಂಪರ್ಕ ಸಂಸ್ಥೆಗಳಿಗೆ ಮತ್ತು ಅವುಗಳ ಮೂಲಕ ಒಪ್ಪಿಗೆ ಪಡೆದ ಆ್ಯಪ್‌ಗಳಿಗೆ ಮಾತ್ರ ಅವಕಾಶ. ಊರಿನಲ್ಲಿ ಪುಕ್ಕಟೆಯಾಗಿ ನಡೆಯುವ ಆ್ಯಪ್ ಕರೆ ದುಬೈ ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ಮೂಕವಾಗುವ ಅನುಭವ ವರ್ಷಗಳಿಂದ ಅನೇಕರಿಗೆ ಆಗಿದೆ. ಸೌದಿ ಅರೇಬಿಯವು ತನ್ನ ನಿಯಮಗಳನ್ನು ಪಾಲಿಸುವ ಆ್ಯಪ್‌ಗಳ ಮೇಲಿನ ನಿಷೇಧವನ್ನು 2017ರ ಸೆಪ್ಟೆಂಬರ್‌ನಲ್ಲಿ ತೆರವುಗೊಳಿಸಿತು. ಹೊಸದಾಗಿ ಕೆಲಸಕ್ಕೆ ಹೊರಡುವವರು, ತಾವು ಹೋಗುವ ದೇಶದಲ್ಲಿ ಯಾವ ಆ್ಯಪ್‌ಗೆ ಅನುಮತಿ ಇದೆ ಎಂಬುದನ್ನು ಮೊದಲೇ ತಿಳಿದುಕೊಂಡು, ಮನೆಯವರ ಫೋನಿನಲ್ಲಿಯೂ ಅದನ್ನು ಹಾಕಿಸಿ ಹೋಗುವುದು ಲೇಸು.

ಕೈತಪ್ಪಿದ ಮೂರು ಭರವಸೆಗಳು

ಮೊದಲನೆಯದು ವಿದ್ಯುತ್. ತಾಮ್ರದ ತಂತಿಯ ಸ್ಥಿರ ದೂರವಾಣಿಗೆ ಬೇಕಾದ ಸುಮಾರು 48 ವೋಲ್ಟ್ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಅದೇ ತಂತಿಯಲ್ಲಿ ಬರುತ್ತಿತ್ತು. ಅಲ್ಲಿ ಬ್ಯಾಟರಿಗಳ ಸಾಲು, ಜನರೇಟರ್ ಇರುತ್ತಿದ್ದವು. ಮಳೆಗಾಲದಲ್ಲಿ ಊರಿಗೆ ಊರೇ ಕತ್ತಲಾದರೂ ಫೋನಿನಲ್ಲಿ ಡಯಲ್ ಟೋನ್ ಕೇಳಿಸುತ್ತಿತ್ತು. ಈಗ ಆಪ್ಟಿಕಲ್ ಫೈಬರ್ ಸಂಪರ್ಕದೊಂದಿಗೆ ಕೊಡುವ ಸ್ಥಿರ ದೂರವಾಣಿ ಹಾಗಲ್ಲ. ಗಾಜಿನ ಎಳೆ ಬೆಳಕನ್ನು ಒಯ್ಯುತ್ತದೆಯೇ ಹೊರತು ವಿದ್ಯುತ್ತನ್ನಲ್ಲ. ಮನೆಯಲ್ಲಿರುವ ಮೋಡೆಮ್ ಪೆಟ್ಟಿಗೆಗೆ ಕರೆಂಟು ಹೋದ ಕ್ಷಣ ಫೋನೂ ಸಾಯುತ್ತದೆ. ನೋಡಲು ಅದೇ ಹಳೆಯ ಫೋನು, ಅದೇ ಸಂಖ್ಯೆ. ಹಿರಿಯರು ಮಾತ್ರ ಇರುವ ಮನೆಗಳಲ್ಲಿ ಈ ವ್ಯತ್ಯಾಸ ತಿಳಿಯದೆ ಹೋದರೆ ಅಪಾಯ.

ಎರಡನೆಯದು ತುರ್ತು ಕರೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ನೆರವಿಗಾಗಿ ದೇಶದಲ್ಲಿ 112 ಸಂಖ್ಯೆ ಇದೆ. ವಾಟ್ಸ್‌ಆ್ಯಪ್‌ನಂತಹ ಆ್ಯಪ್ ಕರೆಯಿಂದ 112ನ್ನು ತಲುಪಲಾಗದು. ಅಂತರ್ಜಾಲ ಕರೆಗೆ ಸ್ಥಳದ ಗುರುತು ಅಂಟಿಕೊಂಡಿರುವುದಿಲ್ಲ ಎಂಬುದೇ ಇಲ್ಲಿನ ಮೂಲ ಸಮಸ್ಯೆ. ಕರೆ ಮಾಡಿದವರು ಮೈಸೂರಿನಲ್ಲಿದ್ದಾರೋ ಮಸ್ಕತ್ತಿನಲ್ಲಿದ್ದಾರೋ ಎಂಬುದು ಜಾಲಕ್ಕೆ ತಾನಾಗಿ ತಿಳಿಯದು. ಅಮೆರಿಕದಲ್ಲಿ, ದೂರವಾಣಿ ಜಾಲದೊಂದಿಗೆ ಬೆಸೆದುಕೊಂಡ ಅಂತರ್ಜಾಲ ಸೇವೆಗಳು ಅಲ್ಲಿನ ತುರ್ತು ಸಂಖ್ಯೆಯಾದ 911 ಸೌಲಭ್ಯ ಕೊಡಲೇಬೇಕೆಂದು ಅಲ್ಲಿನ ನಿಯಂತ್ರಣ ಆಯೋಗ 2005ರಲ್ಲಿಯೇ ಆದೇಶಿಸಿತು. ಭಾರತದಲ್ಲಿ ಟ್ರಾಯ್ 2017ರ ಶಿಫಾರಸಿನಲ್ಲಿ ಇದನ್ನು ಕಡ್ಡಾಯ ಮಾಡಲಿಲ್ಲ. ಸೌಲಭ್ಯ ಒದಗಿಸಲು ಸಂಸ್ಥೆಗಳನ್ನು ಉತ್ತೇಜಿಸಬೇಕು, ಮಿತಿಗಳನ್ನು ಗ್ರಾಹಕರಿಗೆ ತಿಳಿಸಬೇಕು ಎಂದಷ್ಟೇ ಹೇಳಿತು.

ಮೂರನೆಯದು ಕರೆದವರ ಗುರುತು. ಹಳೆಯ ವ್ಯವಸ್ಥೆಯಲ್ಲಿ ಸಂಖ್ಯೆಯ ಹಿಂದೆ ಒಂದು ತಂತಿ, ತಂತಿಯ ತುದಿಯಲ್ಲಿ ಒಂದು ಮನೆ ಇರುತ್ತಿತ್ತು. ಅಂತರ್ಜಾಲ ಕರೆಯಲ್ಲಿ ಪರದೆಯ ಮೇಲೆ ಕಾಣುವ ಸಂಖ್ಯೆ, ಕರೆ ಕಳುಹಿಸಿದ ಸಾಧನ ಬರೆದು ಕಳುಹಿಸಿದ ಒಂದು ಸಾಲು ಅಷ್ಟೇ. ಅದನ್ನು ನಡುವೆ ಯಾರೂ ಪರಿಶೀಲಿಸದಿದ್ದರೆ, ವಿದೇಶದಲ್ಲಿ ಕುಳಿತವನೊಬ್ಬ ಭಾರತದ ಸಂಖ್ಯೆಯನ್ನು ತೋರಿಸಿ ಕರೆ ಮಾಡಬಹುದು. ಪೊಲೀಸ್, ಸಿಬಿಐ, ಕೊರಿಯರ್ ಸಂಸ್ಥೆಯ ಹೆಸರಿನಲ್ಲಿ ಬರುವ ಅನೇಕ ವಂಚನೆಯ ಕರೆಗಳ ಬೇರು ಇಲ್ಲಿದೆ.

ಇದನ್ನು ತಡೆಯಲು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್ 22ರಂದು ಒಂದು ವ್ಯವಸ್ಥೆಯನ್ನು ಜಾರಿಗೊಳಿಸಿತು. ಹೊರದೇಶದಿಂದ ಬರುತ್ತಾ ಭಾರತದ ಸಂಖ್ಯೆಯ ಸೋಗು ಹಾಕಿದ ಕರೆಗಳನ್ನು ಅದು ಗಡಿಯಲ್ಲಿಯೇ ಗುರುತಿಸುತ್ತದೆ. ಆರಂಭವಾದ 24 ಗಂಟೆಗಳಲ್ಲಿ ಇಂತಹ ಸುಮಾರು 1.35 ಕೋಟಿ ಕರೆಗಳು ಸಿಕ್ಕಿಬಿದ್ದವು ಎಂಬ ಅಂಕಿಯೇ ಸಮಸ್ಯೆಯ ಗಾತ್ರವನ್ನು ಹೇಳುತ್ತದೆ. ಕರೆ ಮತ್ತು ಸಂದೇಶದ ಆ್ಯಪ್‌ಗಳು ನೋಂದಣಿಗೆ ಬಳಸಿದ ಸಿಮ್ ಕಾರ್ಡ್ ಫೋನಿನಲ್ಲಿದ್ದಾಗ ಮಾತ್ರ ಕೆಲಸ ಮಾಡುವಂತಿರಬೇಕೆಂದು ಇಲಾಖೆ 2025ರ ನವೆಂಬರ್‌ನಲ್ಲಿ ನಿರ್ದೇಶನ ನೀಡಿದ್ದೂ ಇದೇ ಸಮಸ್ಯೆಯ ಹಿನ್ನೆಲೆಯಲ್ಲಿ.

ಇನ್ನೊಂದು ಅಕ್ರಮ ‘ಸಿಮ್ ಬಾಕ್ಸ್’. ವಿದೇಶಿ ಕರೆಗಳನ್ನು ಅಂತರ್ಜಾಲದ ಮೂಲಕ ಗುಟ್ಟಾಗಿ ತರಿಸಿಕೊಂಡು, ಹತ್ತಾರು ಸಿಮ್ ಕಾರ್ಡ್‌ಗಳನ್ನು ತುಂಬಿದ ಪೆಟ್ಟಿಗೆಯ ಮೂಲಕ ಸ್ಥಳೀಯ ಕರೆಗಳಂತೆ ಮಾರ್ಪಡಿಸುವ ಕಳ್ಳ ಎಕ್ಸ್‌ಚೇಂಜ್ ಇದು. ವಿದೇಶಿ ಕರೆಗೆ ಸಲ್ಲಬೇಕಾದ ಶುಲ್ಕ ತಪ್ಪುತ್ತದೆ. ಅದಕ್ಕಿಂತ ಮಿಗಿಲಾಗಿ ಕರೆಯ ಮೂಲವೇ ಅಳಿಸಿಹೋಗುತ್ತದೆ. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಮತ್ತು ಸೇನೆಯ ಗುಪ್ತಚರ ವಿಭಾಗ ನಗರದಲ್ಲಿ ಇಂತಹ ಜಾಲವೊಂದನ್ನು ಭೇದಿಸಿದ್ದರು. ಬಾಡಿಗೆ ಕೋಣೆಯಲ್ಲಿ ಸದಾ ಚಾಲನೆಯಲ್ಲಿರುವ ಇಂತಹ ಪೆಟ್ಟಿಗೆಗಳನ್ನು ಇಡಲು ಜಾಗ ಕೊಟ್ಟ ಮಾಲೀಕರೂ, ತಮ್ಮ ಹೆಸರಿನಲ್ಲಿ ಸಿಮ್ ಕೊಡಿಸಿದವರೂ ತನಿಖೆಯನ್ನು ಎದುರಿಸಬೇಕಾಗಬಹುದು.

ಗುಟ್ಟು ಉಳಿಯುವುದೇ?

ಒಂದು ವಿಷಯದಲ್ಲಿ ಅಂತರ್ಜಾಲ ಕರೆ ಹಳೆಯದಕ್ಕಿಂತ ಮೇಲು. ತಾಮ್ರದ ತಂತಿಗೆ ಇನ್ನೊಂದು ತಂತಿ ಸಿಕ್ಕಿಸಿ ಮಾತು ಕದ್ದು ಕೇಳುವುದು ಕಷ್ಟವಿರಲಿಲ್ಲ. 2016ರ ಏಪ್ರಿಲ್‌ನಿಂದ ವಾಟ್ಸ್‌ಆ್ಯಪ್ ಕರೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಗೂಢಲಿಪಿಯಲ್ಲಿ ಸಾಗುತ್ತವೆ. ಮಾತನ್ನು ನಡುವಿನ ಸರ್ವರುಗಳೂ ಬಿಡಿಸಲಾರವು. ಆದರೆ ಯಾರು, ಯಾರೊಂದಿಗೆ, ಯಾವಾಗ ಮಾತನಾಡಿದರು ಎಂಬ ವಿವರ ಬೇರೆಯೇ ಸಂಗತಿ. ಗೂಢಲಿಪಿ ಅದನ್ನು ಮುಚ್ಚುವುದಿಲ್ಲ. ಅಂತರ್ಜಾಲ ಕರೆಗಳೆಲ್ಲವೂ ಗೂಢಲಿಪಿಯಲ್ಲಿಯೇ ಇರುತ್ತವೆ ಎಂದು ಭಾವಿಸುವುದೂ ತಪ್ಪು. ಅನೇಕ ಕಚೇರಿಗಳ ಸಿಪ್ ಫೋನುಗಳಲ್ಲಿ ಈ ಸೌಲಭ್ಯವನ್ನು ಪ್ರತ್ಯೇಕವಾಗಿ ಚಾಲನೆಗೊಳಿಸಬೇಕಾಗುತ್ತದೆ.

ಬಳಕೆದಾರರು ಗಮನಿಸಬೇಕಾದ ಅಂಶಗಳು

* ಧ್ವನಿ ಕರೆಗೆ ಭಾರಿ ವೇಗ ಬೇಕಿಲ್ಲ. ಕುಗ್ಗಿಸದ ಜಿ.711 ಕರೆಗೂ ಎರಡೂ ದಿಕ್ಕು ಸೇರಿ ಗಂಟೆಗೆ ಸುಮಾರು 72 ಮೆಗಾಬೈಟ್ ಸಾಕು. ಜಿ.729ರಲ್ಲಿ ಇದು ಸುಮಾರು 22 ಮೆಗಾಬೈಟ್. ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಏರುಪೇರಿಲ್ಲದ ಸಂಪರ್ಕ.

* ಮಾತು ಕತ್ತರಿಸಿದಂತೆ ಕೇಳಿಸಿದರೆ ಮೊದಲು ವೈಫೈ ಪೆಟ್ಟಿಗೆಯ ಹತ್ತಿರ ಬನ್ನಿ. ಮನೆಯಲ್ಲಿ ಬೇರೆಯವರು ದೊಡ್ಡ ಕಡತಗಳನ್ನು ಕಳುಹಿಸುತ್ತಿದ್ದರೆ ಅದನ್ನು ನಿಲ್ಲಿಸಿ ನೋಡಿ. ನಿಮ್ಮ ಮಾತು ಅವರಿಗೆ ಸರಿಯಾಗಿ ಕೇಳಿಸದಿರಲು ಅಪ್‌ಲೋಡ್ ಮಾರ್ಗದ ದಟ್ಟಣೆಯೇ ಸಾಮಾನ್ಯ ಕಾರಣ.

* ನಿಮ್ಮ ದನಿ ನಿಮಗೇ ಮರುಕಳಿಸಿ ಕೇಳಿಸಿದರೆ ತೊಂದರೆ ಹೆಚ್ಚಾಗಿ ಎದುರಿನವರ ಸ್ಪೀಕರಿನಲ್ಲಿರುತ್ತದೆ. ಅವರಿಗೆ ಇಯರ್‌ಫೋನ್ ಬಳಸಲು ಹೇಳಿ.

* ಫೈಬರ್ ಸಂಪರ್ಕದ ಸ್ಥಿರ ದೂರವಾಣಿ ಇದ್ದರೆ ಮೋಡೆಮ್ ಪೆಟ್ಟಿಗೆಗೆ ಸಣ್ಣ ಯುಪಿಎಸ್ ಅಥವಾ ಇನ್ವರ್ಟರ್ ಸಂಪರ್ಕ ಕೊಡಿಸಿ.

* ತುರ್ತು ಸಂದರ್ಭದಲ್ಲಿ ಆ್ಯಪ್‌ಗಾಗಿ ತಡಕಾಡಬೇಡಿ. ಮೊಬೈಲಿನ ಮಾಮೂಲಿ ಕರೆಯಿಂದ 112ಕ್ಕೆ ಫೋನ್ ಮಾಡಿ. ಇದನ್ನು ಮನೆಯ ಮಕ್ಕಳಿಗೂ ಹಿರಿಯರಿಗೂ ಹೇಳಿಕೊಡಿ.

* ಪರದೆಯ ಮೇಲೆ ಕಂಡ ಸಂಖ್ಯೆಯನ್ನಾಗಲಿ, ಪೊಲೀಸ್ ಲಾಂಛನದ ಚಿತ್ರವನ್ನಾಗಲಿ ನಂಬಿ ಹಣ ಕಳುಹಿಸಬೇಡಿ. ವಿಡಿಯೋ ಕರೆಯಲ್ಲಿ ಬಂಧಿಸುವ ಕಾನೂನು ಭಾರತದಲ್ಲಿಲ್ಲ. ಅನುಮಾನ ಬಂದರೆ ಕರೆ ಕತ್ತರಿಸಿ, ಆ ಸಂಸ್ಥೆಯ ಅಧಿಕೃತ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ. ವಂಚನೆಯ ಕರೆಗಳನ್ನು ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಬಹುದು.

* ವಿದೇಶದ ಕರೆಯಾಗಿದ್ದೂ ಸ್ಥಳೀಯ ಮೊಬೈಲ್ ಸಂಖ್ಯೆ ಕಂಡುಬಂದರೆ ಅದು ಸಿಮ್ ಬಾಕ್ಸ್ ಇರಬಹುದು. ಇಂತಹ ಕರೆಗಳ ಬಗ್ಗೆಯೂ ಸಂಚಾರ್ ಸಾಥಿಯಲ್ಲಿ ದೂರು ನೀಡಲು ಅವಕಾಶವಿದೆ.

ಹಳೆಯ ದೂರವಾಣಿಯಲ್ಲಿ ವಿದ್ಯುತ್, ವಿಳಾಸ, ಗುರುತು ಈ ಮೂರರ ಹೊಣೆಯನ್ನು ಇಲಾಖೆ ಹೊತ್ತಿತ್ತು. ಗ್ರಾಹಕ ಅದಕ್ಕೆ ನಿಮಿಷದ ಲೆಕ್ಕದಲ್ಲಿ ಹಣ ತೆರುತ್ತಿದ್ದ. ಅಂತರ್ಜಾಲ ಕರೆಯಲ್ಲಿ ಆ ಹಣ ಉಳಿಯಿತು, ಹೊಣೆಯ ದೊಡ್ಡ ಪಾಲು ಗ್ರಾಹಕನ ಮನೆಗೆ ಬಂದಿತು. ಒಂದು ಯುಪಿಎಸ್, ಒಂದು ತುರ್ತು ಸಂಖ್ಯೆಯ ನೆನಪು, ಅಪರಿಚಿತ ಕರೆಯ ಮುಂದೆ ಒಂದು ಕ್ಷಣದ ಅನುಮಾನ ಇವಿಷ್ಟು ಇದ್ದರೆ ಆ ಹೊಣೆಯ ಬಹುಪಾಲನ್ನು ನಿಭಾಯಿಸಬಹುದು.